ಮಹದಾಯಿಗೆ ಹೋರಾಡಿದ ಊರಲ್ಲಿ ವಿಶ್ವಮಾನವನ ಮಾತು



ನಾನು ನವಲಗುಂದ ತಾಲ್ಲೂಕಿನ ತಿರ್ಲಾಪುರದವಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಈಗ ಊರಲ್ಲಿದ್ದುಕೊಂಡೇ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕಳೆದ ವರ್ಷದಿಂದ ಊರ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಮಂದಿ ಸೇರಿ ಓದುತ್ತೇವೆ. ಕಾಲೇಜಿನ ಹುಡುಗರು, ಅಂಗನವಾಡಿ ಟೀಚರು, ನಿವೃತ್ತ ಮಾಸ್ತರರು, ಇಬ್ಬರು ರೈತರು. ಬೇಂದ್ರೆಯವರ ಕವಿತೆ, ಒಂದಿಷ್ಟು ಕತೆ ಓದುವತನಕ ಎಲ್ಲ ಚೆನ್ನಾಗಿತ್ತು. ಈ ಸಲ ‘ವಿಶ್ವಮಾನವತೆ: ನಮ್ಮವರ ಋಣ, ಎಲ್ಲರ ಋಣ’ ಅಂತ ವಿಷಯ ಇಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಹಾಕಿದ್ದು ಜುಲೈ 21ರ ವಾರ. ನಮ್ಮ ಕಾಕಾ ಅದನ್ನು ಓದಿ, ‘ಕುಡಿಯೂ ನೀರಿಗೆ ಗೋವಾದವ್ರು ಅಡ್ಡ ನಿಂತಾರ, ನೀವು ಅವ್ರೂ ನಮ್ಮವ್ರ ಅಂತ ಓದ್ಕೋತ ಕುಂದರ್ರಿ’ ಎಂದು ಎದ್ದು ಹೋದರು. 1980ರ ಬಂಡಾಯದಲ್ಲಿ ಇದ್ದವರು ಅವರು. ಒಬ್ಬ ಹುಡುಗನ ಅಣ್ಣ ವಾಸ್ಕೋದಲ್ಲಿ ಗೌಂಡಿ ಕೆಲಸಕ್ಕೆ ಇದ್ದಾನೆ. ‘ಅಲ್ಲಿ ನಮ್ಮನ್ನ ಘಾಂಟಿ ಅಂತ ಹೀಯಾಳಸ್ತಾರ್ರಿ, ನಮಗ್ಯಾಕ ಈ ಉಪದೇಶ’ ಎಂದ. ಮಾಸ್ತರರು, ‘ಇದು ಯುನಿವರ್ಸಿಟಿಯೊಳಗ ಮಾತಾಡೂ ವಿಷಯ, ಹಳ್ಳಿಗಲ್ಲ’ ಎಂದರು.

ನನಗೂ ಒಳಗೊಳಗೆ ಅನುಮಾನ ಇದೆ. ಟಿವಿಯಲ್ಲಿ ದೂರದ ಯುದ್ಧದ ಮಕ್ಕಳನ್ನು ಕಂಡರೆ ಕರುಳು ಚುರ್ ಅನ್ನುತ್ತದೆ, ಆದರೆ ನನ್ನ ತಮ್ಮನಿಗೆ ಜ್ವರ ಬಂದಾಗ ಆಗುವ ಸಂಕಟ ಆಗುವುದಿಲ್ಲ. ಹೀಗಿದ್ದು ವಿಶ್ವಮಾನವತೆ ಅಂತ ಮಾತಾಡುವುದು ಸೋಗಲ್ಲವೇ? ಚರ್ಚೆ ಬಿಟ್ಟುಬಿಡಲೇ? ಬಿಡಬಾರದು ಎಂದರೆ ಏನು ಓದಿಸಲಿ, ಜಗಳ ಆಗದ ಹಾಗೆ ಹೇಗೆ ನಡೆಸಲಿ?

ಒಬ್ಬ ಓದುಗಿತ್ತಿ, ತಿರ್ಲಾಪುರ

ತಂಗಿ,

ಚರ್ಚೆ ಬಿಡಬೇಡಿ. ವಿಷಯವನ್ನೂ ಬದಲಿಸಬೇಡಿ. ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದನ್ನು ಮಾತ್ರ ಬದಲಿಸಿ. ನೀವು ಲೋಕದಿಂದ ಹೊರಟು ಊರಿಗೆ ಬರೋಣ ಎಂದುಕೊಂಡಿರಿ, ಕಾಕಾ ಊರಿನಿಂದಲೇ ಶುರು ಮಾಡಿದರು. ಅವರ ದಾರಿ ಸರಿಯಾದದ್ದು. ನಿಮ್ಮ ಸಭೆಯ ಮೊದಲ ಪಾಠವನ್ನು ಅವರೇ ಓದಿ ಎದ್ದು ಹೋಗಿದ್ದಾರೆ.

ಜುಲೈ 21 ನಿಮ್ಮ ಭಾಗದಲ್ಲಿ ಎಂಥ ದಿನ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರಕಾರ ಅಭಿವೃದ್ಧಿ ಕರ ಹೇರಿತ್ತು. ಕಾಲುವೆಯಲ್ಲಿ ನೀರು ಬಂದಿರಲಿ ಬಿಡಲಿ, ಕರ ಕಟ್ಟಬೇಕು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ರೈತರು ಎದ್ದರು, ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕೊಟ್ಟರು. ಕರ್ನಾಟಕದ ರೈತ ಚಳವಳಿ ರಾಜ್ಯದ ಉದ್ದಗಲಕ್ಕೆ ಹಬ್ಬಿದ್ದು ಅಲ್ಲಿಂದ. ಆಮೇಲೆ 2015ರ ಜುಲೈಯಲ್ಲಿ ನರಗುಂದದಲ್ಲಿ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಧರಣಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. 2016ರ ಜುಲೈ 27ಕ್ಕೆ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿಯ ಮಧ್ಯಂತರ ಮನವಿಯನ್ನು ತಳ್ಳಿಹಾಕಿತು. ಅದರ ಬೆನ್ನಿಗೇ ನವಲಗುಂದ ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೊಲೀಸರು ಹೆಂಗಸರು ಮುದುಕರೆನ್ನದೆ ಹೊಡೆದ ದೃಶ್ಯಗಳನ್ನು ಇಡೀ ರಾಜ್ಯ ಟಿವಿಯಲ್ಲಿ ಕಂಡಿತು.

ಇಷ್ಟನ್ನು ಕಂಡುಂಡ ಮನುಷ್ಯನಿಗೆ ಆ ವಾರದಲ್ಲೇ ‘ಎಲ್ಲರ ಋಣ’ ಅನ್ನುವ ನೋಟಿಸ್ ಕಂಡಿದೆ. ಅವರಿಗೆ ಅದು ‘ನಿಮ್ಮ ಹೋರಾಟ ಸಣ್ಣ ಮನಸ್ಸಿನದು’ ಎಂದು ಕೇಳಿಸಿರಬೇಕು. ನೀವು ಹಾಗೆ ಅಂದಿಲ್ಲ. ಆದರೂ ಮೊದಲು ಹೋಗಿ ಅವರ ಹತ್ತಿರ ಕುಳಿತುಕೊಳ್ಳಿ. ವಾದಕ್ಕೆ ಹೋಗಬೇಡಿ. ‘ಕಾಕಾ, ಸಭಾದಾಗ ಮೊದ್ಲ ನೀವ ಮಾತಾಡ್ರಿ, ಎಂಬತ್ತರಾಗ ಏನಾತು, ಯಾಕ ಆತು ಹೇಳ್ರಿ, ಈ ಹುಡುಗರಿಗೆ ಗೊತ್ತಿಲ್ಲ’ ಅನ್ನಿ. ಕರೆಯಲೆಂದು ಹೂಡಿದ ಉಪಾಯ ಆಗಬಾರದು ಅದು, ನಿಜವಾಗಿಯೂ ಕೇಳಿಸಿಕೊಳ್ಳಬೇಕು.

ಕೇಳಿಸಿಕೊಳ್ಳುವಾಗ ಒಂದು ಗಮನಿಸಿ. ನೀರು ಕೇಳುವಾಗ ನಿಮ್ಮ ಕಾಕಾ ಕೊಡುವ ಕಾರಣ ಯಾವುದು? ‘ನಾವು ಕನ್ನಡಿಗರು, ಅದಕ್ಕ ಕೊಡ್ರಿ’ ಅಂತ ಅವರು ಅನ್ನುವುದಿಲ್ಲ. ‘ಬೋರ್ ಹಾಕಿದ್ರ ಸವಳ ನೀರು, ಕೆರಿ ತುಂಬಾಕ ಕಾಲುವಿ ನೀರ ಬೇಕು, ಡ್ಯಾಮ್ ತುಂಬೂದ ಇಲ್ಲ’ ಅನ್ನುತ್ತಾರೆ. 37.73 ಟಿಎಂಸಿ ಹಿಡಿಯುವ ನವಿಲುತೀರ್ಥದ ಮಲಪ್ರಭಾ ಜಲಾಶಯ ಎಷ್ಟೋ ವರ್ಷ ತುಂಬದೇ ಉಳಿಯುತ್ತದೆ, ಅದನ್ನೇ ನಂಬಿದ ಊರುಗಳು ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುತ್ತವೆ ಅನ್ನುತ್ತಾರೆ. 1987ರ ರಾಷ್ಟ್ರೀಯ ಜಲನೀತಿಯೂ ಕುಡಿಯುವ ನೀರಿಗೇ ಮೊದಲ ಸ್ಥಾನ ಕೊಟ್ಟಿತ್ತು. ಈ ಕಾರಣಗಳಿಗೆ ಜಾತಿಯಿಲ್ಲ, ಭಾಷೆಯಿಲ್ಲ, ರಾಜ್ಯವಿಲ್ಲ. ಮನುಷ್ಯನಿಗೆ ನೀರು ಬೇಕು ಅನ್ನುವುದಷ್ಟೇ ಇದೆ. ಅಂದರೆ ನಿಮ್ಮ ಭಾಗದ ರೈತ ತನ್ನ ಹಕ್ಕು ಕೇಳಿದ್ದೇ ಎಲ್ಲ ಮನುಷ್ಯರಿಗೂ ಒಪ್ಪಿಗೆಯಾಗುವ ಮಾತಿನಲ್ಲಿ.

ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇದೇ. ಬಾಯಾರಿಕೆಯ ಹೆಸರಲ್ಲಿ ಹಕ್ಕು ಕೇಳಿದವರು ಇನ್ನೊಬ್ಬರ ಬಾಯಾರಿಕೆಯ ಮಾತಿಗೂ ಕಿವಿಗೊಡಬೇಕಾಗುತ್ತದೆ. ಹಕ್ಕು ಬಿಟ್ಟುಕೊಡಬೇಕೆಂದು ಇದರ ಅರ್ಥವಲ್ಲ. ನಮ್ಮ ಕಾರಣವನ್ನು ಆಚೆ ದಂಡೆಯವರು ತೂಗಿ ನೋಡುವ ಹಾಗೆ ಅವರ ಮುಂದಿಡುವುದು, ಅವರ ಕಾರಣವನ್ನು ಅಷ್ಟೇ ಶ್ರದ್ಧೆಯಿಂದ ನಾವು ತೂಗುವುದು, ವಿಶ್ವಮಾನವತೆ ನಮ್ಮಿಂದ ಕೇಳುವುದು ಇಷ್ಟನ್ನು. ಇದು ಸಣ್ಣ ಕೆಲಸವಲ್ಲ. ರಾಜಕೀಯದವರು, ಟಿವಿಯವರು ಎರಡೂ ಕಡೆ ಇದನ್ನು ಮಾಡಲು ಬಿಟ್ಟಿಲ್ಲ.

ಹಾಗಾದರೆ ಆಚೆಯವರ ಕಾರಣವೇನು? ಸಭೆಗೆ ಇದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟುವ ಮಹದಾಯಿ ಸತ್ತರಿ ತಾಲ್ಲೂಕಿನ ಮೂಲಕ ಗೋವಾ ಹೊಕ್ಕು, ಮಾಂಡೋವಿ ಎಂಬ ಹೆಸರಲ್ಲಿ ಪಣಜಿಯ ಮಗ್ಗುಲಿಗೆ ಸಮುದ್ರ ಸೇರುತ್ತದೆ. ಪಣಜಿ, ಫೋಂಡಾಗಳಿಗೆ ಕುಡಿಯುವ ನೀರು ಕೊಡುವ ಓಪಾ ಸ್ಥಾವರ ಇರುವುದು ಇದರ ಉಪನದಿ ಖಾಂಡೇಪಾರದ ದಂಡೆಯಲ್ಲಿ. ಮೇಲಿಂದ ಹರಿವು ತಗ್ಗಿದರೆ ಸಮುದ್ರದ ಉಪ್ಪುನೀರು ನದಿಯೊಳಗೆ ಮೇಲೇರುತ್ತದೆ, ಗದ್ದೆ ಕೆಡುತ್ತದೆ, ಮೀನು ಹೋಗುತ್ತದೆ, ಅಭಯಾರಣ್ಯ ಒಣಗುತ್ತದೆ ಎಂಬುದು ಅವರ ಭಯ. ಸವಳು ನೀರಿನ ಕಷ್ಟ ಏನೆಂದು ನವಲಗುಂದದವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಅದೇ ಹಾಳೆಯ ಕೆಳಗೆ ನ್ಯಾಯಮಂಡಳಿಯ ಲೆಕ್ಕ ಇರಲಿ. 2010ರಲ್ಲಿ ರಚನೆಯಾದ ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ಕ್ಕೆ ತೀರ್ಪು ಕೊಟ್ಟಿತು. ನೂರರಲ್ಲಿ 75 ವರ್ಷ ಭರವಸೆಯಿಂದ ಸಿಗುವ ನೀರು 188.06 ಟಿಎಂಸಿ. ಅದರಲ್ಲಿ ಗೋವಾಕ್ಕೆ 24, ಕರ್ನಾಟಕಕ್ಕೆ 13.42, ಮಹಾರಾಷ್ಟ್ರಕ್ಕೆ 1.33. ಕರ್ನಾಟಕದ ಪಾಲಿನಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಇದು ಗೆಜೆಟ್‌ನಲ್ಲಿ ಬಂತು. ತೀರ್ಪು ಯಾರಿಗೂ ಪೂರ್ತಿ ಹಿಡಿಸಲಿಲ್ಲ, ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದವು. ಈ ಅಂಕಿಗಳನ್ನು ನೋಡಿದರೆ ಕುಡಿಯುವ ನೀರಿನ ಮಟ್ಟಿಗೆ ನಮ್ಮ ಬೇಡಿಕೆ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗೋವಾದ ಓದುಬಳಗವೊಂದರ ಎದುರು ಕುಳಿತು ಇದೇ ಮಾತನ್ನು ದನಿ ಏರಿಸದೆ ವಿವರಿಸಬಲ್ಲೆನೇ ಎಂಬ ಪರೀಕ್ಷೆಗೆ ನಾನೂ ಒಳಗಾಗಬೇಕು. ನಿಮ್ಮ ಬಳಗದ ಪ್ರತಿಯೊಬ್ಬರೂ ಒಳಗಾಗಬೇಕು.

ಈಗ ನಿಮ್ಮ ತಮ್ಮನ ಜ್ವರದ ವಿಷಯ. ಅದನ್ನು ಸೋಗು ಎಂದು ಬೈದುಕೊಳ್ಳಬೇಡಿ. ಎಲ್ಲರ ಮೇಲೂ ಒಂದೇ ಅಳತೆಯ ಮಮತೆ ಇರಬೇಕೆಂದು ತಿಳಿದವರೆಲ್ಲರೂ ಹೇಳಿಲ್ಲ. ಸುಮಾರು 2ನೆಯ ಶತಮಾನದ ಗ್ರೀಕ್ ಚಿಂತಕ ಹೀರೋಕ್ಲಿಸ್ ಮನುಷ್ಯನ ಸಂಬಂಧಗಳನ್ನು ಒಂದರ ಸುತ್ತ ಒಂದು ಎಳೆದ ವೃತ್ತಗಳ ಹಾಗೆ ಕಂಡ. ನಡುವೆ ನಾನು, ಆಮೇಲೆ ಮನೆಯವರು, ಬಳಗ, ಊರು, ನಾಡು, ಕಟ್ಟಕಡೆಗೆ ಮನುಷ್ಯಕುಲ. ಒಳಗಿನ ವೃತ್ತ ಅಳಿಸು ಎಂದು ಅವನು ಹೇಳಲಿಲ್ಲ, ಹೊರಗಿನವರನ್ನು ಒಂದೊಂದು ಗೆರೆ ಒಳಕ್ಕೆ ಎಳೆದುಕೊಳ್ಳುತ್ತಾ ಹೋಗು ಎಂದ. ನಮ್ಮ ಕಾಲದ ಕ್ವಾಮೆ ಆಂಥೊನಿ ಅಪಿಯಾ ಇದನ್ನು ತಮ್ಮ ಮನೆಯಿಂದಲೇ ಕಲಿತವರು. ತಂದೆ ಜೋ ಅಪಿಯಾ ಘಾನಾ ದೇಶದ ಸ್ವಾತಂತ್ರ್ಯಕ್ಕಾಗಿ ದುಡಿದ ರಾಜಕಾರಣಿ, ಕುಮಾಸಿ ಊರಿನ ಮೇಲೆ ಪ್ರಾಣ ಇಟ್ಟುಕೊಂಡವರು. ಅಂಥವರು ಸಾಯುವ ಮೊದಲು ಮಕ್ಕಳಿಗೆ ಬರೆದಿಟ್ಟ ಚೀಟಿಯಲ್ಲಿ ನೀವು ಇಡೀ ಲೋಕದ ಪ್ರಜೆಗಳು ಎಂಬುದನ್ನು ಮರೆಯಬೇಡಿ ಎಂದಿದ್ದರು. ಊರಿನ ಅಭಿಮಾನಕ್ಕೂ ಲೋಕದ ಕಾಳಜಿಗೂ ಅವರ ಎದೆಯಲ್ಲಿ ಜಗಳ ಇರಲಿಲ್ಲ.

ನಮ್ಮಲ್ಲಂತೂ ಇದು ಹಳೆಯ ಸಂಗತಿ. ಮನುಷ್ಯಜಾತಿ ಒಂದೇ ಎಂದು ‘ಆದಿಪುರಾಣ’ದಲ್ಲಿ ಸಾರಿದ ಪಂಪನೇ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯನ್ನು ನೆನೆನೆನೆದು ಹಂಬಲಿಸಿದವನು. ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯ ತನಕ ಕನ್ನಡನಾಡಿನ ಎಲ್ಲೆ ಹಾಕುತ್ತದೆ. ಅದೇ ಕೃತಿ ಇನ್ನೊಬ್ಬರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತು ಎನ್ನುತ್ತದೆ. ನಮ್ಮ ನಾಡಗೀತೆ ಬರೆದವರೂ ವಿಶ್ವಮಾನವ ಸಂದೇಶ ಕೊಟ್ಟವರೂ ಒಬ್ಬರೇ, ಕುವೆಂಪು. ಅವರ ಹುಟ್ಟಿದ ದಿನ ಡಿಸೆಂಬರ್ 29ನ್ನು ಸರಕಾರ ವಿಶ್ವಮಾನವ ದಿನವೆಂದು ಆಚರಿಸುತ್ತದೆ. ನಾಡನ್ನು ಪ್ರೀತಿಸಲು ಲೋಕವನ್ನು ಬಿಡಬೇಕು ಎಂಬ ಆಯ್ಕೆಯನ್ನು ಇವರಲ್ಲಿ ಯಾರೂ ನಮ್ಮ ಮುಂದೆ ಇಟ್ಟಿಲ್ಲ.

ಪ್ರೀತಿ ಬೇರೆ, ನ್ಯಾಯ ಬೇರೆ ಎಂದು ಬಿಡಿಸಿಕೊಂಡರೆ ನಿಮ್ಮ ಸಂಕಟ ಅರ್ಧ ಇಳಿಯುತ್ತದೆ. ತಮ್ಮನಿಗೆ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುವುದು ಪ್ರೀತಿ. ಅದನ್ನು ಎಂಟು ನೂರು ಕೋಟಿ ಜನಕ್ಕೆ ಹಂಚಲು ಬರುವುದಿಲ್ಲ, ಹಂಚಲೂಬೇಡಿ. ಆದರೆ ಯಾರಿಗೂ ಮಾಡಬಾರದ ಕೆಲವು ಸಂಗತಿಗಳಿವೆ, ಯಾರಿಗೂ ತಪ್ಪಿಸಬಾರದ ಕೆಲವು ಸಂಗತಿಗಳಿವೆ. ಅಲ್ಲಿ ತಮ್ಮನೂ ಒಂದೇ, ಕಾಣದ ದೇಶದ ಹುಡುಗನೂ ಒಂದೇ. ಉಳಿದರ್ಧ ಸಂಕಟ ಇಳಿಯದೇ ಇರಲಿ. ಅದನ್ನು ಸಭೆಗೆ ತನ್ನಿ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಭಾರತದ ಗಡಿಯಲ್ಲಿ ಸಾಯುತ್ತಿದ್ದಾಗ ಪೀಟರ್ ಸಿಂಗರ್ ಎಂಬ ತರುಣ ಒಂದು ಲೇಖನ ಬರೆದರು, ಮರುವರ್ಷ ಅಚ್ಚಾಯಿತು. ಕಣ್ಣೆದುರು ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಹಾಳಾದೀತು ಎಂದು ನಿಲ್ಲುವೆಯಾ? ಇಲ್ಲವಾದರೆ ದೂರದಲ್ಲಿ ಸಾಯುವ ಮಗುವನ್ನು ಉಳಿಸಲು ಕೈಲಾದಷ್ಟು ಕೊಡದಿರಲು ನಿನಗೇನು ಕಾರಣವಿದೆ ಎಂಬುದು ಅವರ ಪ್ರಶ್ನೆ. ನಿಮ್ಮ ಸಭೆಯಲ್ಲಿ ಕೊಳ ಬೇಡ, ಬೆಣ್ಣಿಹಳ್ಳ ಅನ್ನಿ. ಬೆಣ್ಣಿಹಳ್ಳದ ಸೆಳವಿನಲ್ಲಿ ಒಬ್ಬ ಕೊಚ್ಚಿಹೋಗುತ್ತಿದ್ದರೆ ಅವನು ಯಾವ ಊರಿನವ ಎಂದು ನಿಮ್ಮಲ್ಲಿ ಯಾರೂ ಕೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಒಟ್ಟಿಗೆ ಉಕ್ಕಿದಾಗ ಬೇರೆ ಬೇರೆ ಜಿಲ್ಲೆಗಳಿಂದ ಅಕ್ಕಿ, ಹೊದಿಕೆ ಹೊತ್ತು ಲಾರಿಗಳು ಬಂದಿದ್ದವು. ಕಳಿಸಿದವರು ನಿಮ್ಮ ಮುಖ ಕಂಡವರಲ್ಲ. ಹಾಗಿದ್ದರೆ ಎಲ್ಲಿಯತನಕ, ಎಷ್ಟರಮಟ್ಟಿಗೆ? ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿಲ್ಲ. ನಿಮ್ಮ ಬಳಗ ಇದರ ಮೇಲೆ ಒಂದು ತಾಸು ಜಗ್ಗಾಡಲಿ.

ವಾಸ್ಕೋದಲ್ಲಿ ಅಣ್ಣ ಇರುವ ಆ ಹುಡುಗ ಇದ್ದಾನಲ್ಲ, ಅವನು ನಿಮ್ಮ ಸಭೆಯ ಬಹುಮುಖ್ಯ ವ್ಯಕ್ತಿ. ಕಾಕಾ ಆದ ಮೇಲೆ ಅವನೇ ಮಾತಾಡಲಿ. ವಾಸ್ಕೋ, ಬೈನಾ, ಝುವಾರಿನಗರಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳು ತಲೆಮಾರುಗಳಿಂದ ಇವೆ. ಗೋವಾದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು, ಬಂದರಿನಲ್ಲಿ ದುಡಿದವರು, ಬೀದಿ ಗುಡಿಸಿದವರು ನಮ್ಮವರು. ‘ಘಾಂಟಿ’ ಅನ್ನಿಸಿಕೊಂಡವರೂ ಅವರೇ. 2004ರಲ್ಲಿ ಬೈನಾದ ಕಡಲ ದಂಡೆಯ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದ ಸಂಸಾರಗಳು ಬಹಳ ಇದ್ದವು. ಆ ಹುಡುಗನಿಗೆ ನೇರವಾಗಿ ಕೇಳಿ: ನಿನ್ನ ಅಣ್ಣನಿಗೆ ಗೋವಾ ಏನು ಕೊಡಬೇಕು? ದುಡಿದದ್ದಕ್ಕೆ ಸರಿಯಾದ ಕೂಲಿ, ಮಕ್ಕಳಿಗೆ ಶಾಲೆ, ಆಸ್ಪತ್ರೆಯಲ್ಲಿ ಜಾಗ, ಹೆಸರು ಹಿಡಿದು ಕರೆಯುವ ಮರ್ಯಾದೆ. ಸಭೆಯವರೆಲ್ಲ ಹೌದು ಹೌದು ಅನ್ನುತ್ತಾರೆ, ಕಾಕಾ ಎಲ್ಲರಿಗಿಂತ ಜೋರಾಗಿ ಅನ್ನುತ್ತಾರೆ. 1795ರಲ್ಲಿ ಜರ್ಮನಿಯ ತತ್ವಜ್ಞಾನಿ ಕಾಂಟ್ ಇದಕ್ಕೆ ಹತ್ತಿರದ ಮಾತೊಂದನ್ನು ಬರೆದ. ಪರನಾಡಿಗೆ ಬಂದವನನ್ನು ಬಂದನೆಂಬ ಕಾರಣಕ್ಕೇ ವೈರಿಯಂತೆ ಕಾಣಬಾರದು, ಅದು ದಯೆಯಿಂದ ಕೊಡುವ ಭಿಕ್ಷೆಯಲ್ಲ, ಅವನ ಹಕ್ಕು ಎಂದ. ಕಾಂಟನನ್ನು ಓದಿಸಲು ಹೋಗಬೇಡಿ, ಈ ಮಾತನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿ.

ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಇಡಿ. ನಮ್ಮ ಊರಿಗೆ ಹೊರಗಿನಿಂದ ಬಂದವರು ಯಾರಿದ್ದಾರೆ? ಟೈಲ್ಸ್ ಕೂರಿಸಲು, ಬಣ್ಣ ಹಚ್ಚಲು ಉತ್ತರದ ಕಡೆಯಿಂದ ಬರುವ ಹುಡುಗರು, ಸುಗ್ಗಿಗೆ ಕಟಾವಿನ ಮಷಿನ್ ತರುವವರು, ಕುರಿ ಹಿಂಡು ಹೊಡೆದುಕೊಂಡು ಬಂದು ಹೊಲದಲ್ಲಿ ತಂಗುವವರು. ಅವರನ್ನು ನಾವು ಏನೆಂದು ಕರೆಯುತ್ತೇವೆ? ಅವರಲ್ಲಿ ಒಬ್ಬನಿಗೆ ರಾತ್ರಿ ಹೊಟ್ಟೆನೋವು ಬಂದರೆ ಯಾರ ಬಾಗಿಲು ತಟ್ಟಬಹುದು? ಇಲ್ಲಿ ನೀವು ಮಾತಾಡಬೇಡಿ. ಸುಮ್ಮನಿರಿ, ಅವರೇ ಮಾತಾಡಲಿ.

ಇನ್ನೊಂದು ಮಾತು ನಿಷ್ಠುರವಾಗಿದ್ದರೂ ಹೇಳುತ್ತೇನೆ, ಏಕೆಂದರೆ ನೀವು ಅದನ್ನು ತಡೆದುಕೊಳ್ಳಬಲ್ಲಿರಿ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಬಳಗಕ್ಕೆ ಬರುವವರು ಯಾರು ಯಾರು ಅಂತ ಬರೆದಿದ್ದೀರಿ. ಯಾವ ಯಾವ ಓಣಿಯವರು ಅಂತ ಬರೆದಿಲ್ಲ. ಊರ ಎಲ್ಲ ಕೇರಿಗಳಿಂದಲೂ ಬರುತ್ತಾರೆಯೇ? ಬಾರದಿದ್ದರೆ ಕರೆದಿದ್ದೀರಾ? ಕರೆದರೂ ಬಾರದಿದ್ದರೆ ಯಾಕೆ ಅಂತ ಕೇಳಿದ್ದೀರಾ? ಬಂದವರು ಎಲ್ಲರ ಜೊತೆ ಜಮಖಾನದ ಮೇಲೆ ಕೂರುತ್ತಾರೆಯೇ, ಬಾಗಿಲ ಬದಿಗೆ ನಿಲ್ಲುತ್ತಾರೆಯೇ? ಚಹಾ ಒಂದೇ ನಮೂನೆ ಕಪ್ಪಿನಲ್ಲಿ ಎಲ್ಲರಿಗೂ ಸಿಗುತ್ತದೆಯೇ? ಗಾಜಾದ ಮಕ್ಕಳಿಗಾಗಿ ಮರುಗುವುದು ಕಷ್ಟವಲ್ಲ, ಅವರು ನಮ್ಮ ಮನೆಗೆ ನೀರು ಕೇಳಲು ಬರುವುದಿಲ್ಲ. ಊರ ತುದಿಯ ಮನೆಯವರು ಬರುತ್ತಾರೆ. ಪರಕೀಯರು ಯಾರು ಎಂಬ ಲೆಕ್ಕ ಎಷ್ಟೋ ಸಲ ಗಡಿಯಲ್ಲಿ ಶುರುವಾಗದೆ ನಮ್ಮ ಅಗಸಿ ಬಾಗಿಲಿನ ಒಳಗೇ ಶುರುವಾಗಿರುತ್ತದೆ. ನೀರಿನ ವಿಷಯದಲ್ಲಂತೂ, ಒಂದೇ ಕೆರೆಯ ನೀರನ್ನು ಊರೊಳಗೆ ಯಾರು ಮೊದಲು ತುಂಬಿದರು, ಯಾರು ಕಾದು ನಿಂತರು ಎಂಬ ನೆನಪು ಹಿರಿಯರಿಗೆ ಇನ್ನೂ ಇರುತ್ತದೆ. ಚರ್ಚೆಯ ದಿನಕ್ಕೆ ಮೊದಲೇ ಆ ಓಣಿಗಳಿಗೆ ನೀವೇ ನಡೆದುಹೋಗಿ ಕರೆಯಿರಿ. ನೋಟಿಸ್ ಹಾಕಿದೆನಲ್ಲ ಎಂದು ಕೂರಬೇಡಿ.

ಇದು ಹಳ್ಳಿಗಲ್ಲ ಎಂಬ ಮಾಸ್ತರರ ಮಾತಿಗೆ ಉತ್ತರ ಕೊಡಬೇಕಾದವರು ನೀವಲ್ಲ, ‘ಕವಿರಾಜಮಾರ್ಗ’ ಬರೆದ ಶ್ರೀವಿಜಯ. ವಿಧಿಪೂರ್ವಕ ಓದು ಇಲ್ಲದೆಯೂ ಕಾವ್ಯದಲ್ಲಿ ಪಳಗಿದವರು ಕನ್ನಡಿಗರು ಎಂದು ‘ಕವಿರಾಜಮಾರ್ಗ’ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹೇಳಿದೆ. ಆ ಪದ್ಯವನ್ನು ಓದಿ ಅರ್ಥ ಹೇಳುವ ಕೆಲಸವನ್ನು ಮಾಸ್ತರರಿಗೇ ಒಪ್ಪಿಸಿ. ಹಳಗನ್ನಡ ಬಲ್ಲವರು ಊರಲ್ಲಿದ್ದರೆ ಅದು ಭಾಗ್ಯ. ಕೆಲಸ ಕೊಟ್ಟರೆ ಅವರ ಅಸಮಾಧಾನವೂ ಕರಗೀತು.

ಏನು ಓದಿಸುವುದು ಎಂದು ಕೇಳಿದ್ದೀರಿ. ಕಡಿಮೆ ಓದಿಸಿ. ಮನೆಯಿಂದ ಓದಿಕೊಂಡು ಬನ್ನಿ ಅಂದರೆ ನಾಲ್ಕು ಮಂದಿ ಓದಿರುತ್ತಾರೆ, ಉಳಿದವರು ನಾಚಿ ಬಾಯಿ ಮುಚ್ಚುತ್ತಾರೆ. ಅಲ್ಲಿಯೇ ಗಟ್ಟಿಯಾಗಿ ಓದುವಷ್ಟು ಸಾಕು. ಮಾಸ್ತರರು ಓದುವ ಪದ್ಯದ ಜೊತೆಗೆ ‘ಕವಿರಾಜಮಾರ್ಗ’ದ ಇನ್ನೆರಡು ಪದ್ಯ, ನಾಡಿನ ಎಲ್ಲೆಯದು ಒಂದು, ಪರವಿಚಾರದ್ದು ಇನ್ನೊಂದು. ಕುವೆಂಪು ಅವರ ವಿಶ್ವಮಾನವ ಸಂದೇಶದಿಂದ ಒಂದು ಪುಟ. ಅಪಿಯಾ ಅವರ 2006ರ ಪುಸ್ತಕದಲ್ಲಿ ನಿಮಗೆ ಹಿಡಿಸಿದ ಒಂದೆರಡು ಪುಟಗಳ ಸಾರವನ್ನು ನಿಮ್ಮ ಮಾತಿನಲ್ಲಿ, ನಿಮ್ಮೂರ ಕನ್ನಡದಲ್ಲಿ ಹೇಳಿ. ಆಮೇಲೆ ಮಹದಾಯಿಯ ಆ ಒಂದು ಹಾಳೆ. ಕುವೆಂಪು ಅವರನ್ನು ಮೊದಲಿಗೇ ಇಡಬೇಡಿ ಅನ್ನುವುದು ನನ್ನ ಆಗ್ರಹ. ಅವರ ಮಾತಿಗೆ ಎಲ್ಲರೂ ತಲೆದೂಗುತ್ತಾರೆ, ತಲೆದೂಗಿದ ಮೇಲೆ ಯಾರೂ ಯೋಚಿಸುವುದಿಲ್ಲ. ಕಾಕಾನ ಅನುಭವ, ಹುಡುಗನ ಅಣ್ಣನ ಪಾಡು, ಗೋವಾದವರ ಹಾಳೆ ಎಲ್ಲ ಆದ ಮೇಲೆ ಓದಿದರೆ ಆ ಪುಟ ಚುಚ್ಚುತ್ತದೆ. ಆಗ ಓದಬೇಕು.

ಒಂದು ಆಕರ್ಷಣೆಯಿಂದ ದೂರ ಇರಿ. ನಿಮ್ಮ ಸೀಮೆಯಲ್ಲಿ ಬೆರೆತು ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ. ಯಮನೂರಿನ ಚಾಂಗದೇವ ಎಂದೂ ರಾಜಾಬಾಗಸವಾರ ಎಂದೂ ಕರೆಸಿಕೊಳ್ಳುವ ದೈವಕ್ಕೆ ಹಿಂದೂ ಮುಸ್ಲಿಂ ಎನ್ನದೆ ನಡೆದುಕೊಳ್ಳುತ್ತಾರೆ. ಶಿಶುನಾಳ ಷರೀಫರ ಗುರು ಕಳಸದ ಗೋವಿಂದಭಟ್ಟರು. ನೀವು ಬೆಳೆಯುವ ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇವೆಲ್ಲ ನಿಜ, ಹೆಮ್ಮೆಯ ವಿಷಯ. ಆದರೆ ಇವನ್ನು ಹೇಳಿಕೊಂಡು ಕುಳಿತರೆ ಸಭೆ ಸೌಹಾರ್ದದ ಭಾಷಣವಾಗಿ ಮುಗಿದುಹೋಗುತ್ತದೆ. ಮೆಣಸಿನಕಾಯಿ ಹಂಚಿಕೊಂಡವರು ನೀರನ್ನೂ ಹಂಚಿಕೊಳ್ಳಬೇಕು ಎಂದು ಯಾವ ನ್ಯಾಯವೂ ಹೇಳುವುದಿಲ್ಲ. ನಿಮ್ಮ ಪ್ರಶ್ನೆ ನಾವು ಹೇಗೆ ಬೆರೆತಿದ್ದೇವೆ ಎಂಬುದಲ್ಲ, ಬೆರೆಯದವರಿಗೆ ನಾವು ಏನು ಸಲ್ಲಿಸಬೇಕು ಎಂಬುದು.

ಜಗಳದ ಭಯ ಸಹಜ. ದನಿ ಏರಿದರೆ ಗಾಬರಿಯಾಗಬೇಡಿ, ನಮ್ಮ ಕಡೆ ಪ್ರೀತಿಯ ಮಾತೂ ಏರುದನಿಯಲ್ಲೇ ಇರುತ್ತದೆ. ಒಬ್ಬರನ್ನೊಬ್ಬರು ಹೀಗಳೆದಾಗ ಮಾತ್ರ ತಡೆಯಿರಿ. ಚರ್ಚೆ ಕಾವೇರಿದಾಗ ಕಾಲೇಜಿನ ಇಬ್ಬರು ಹುಡುಗರಿಗೆ ಒಂದು ಕೆಲಸ ಕೊಡಿ. ಸತ್ತರಿಯ ರೈತನ ಪರವಾಗಿ, ಮಾಂಡೋವಿಯ ಮೀನುಗಾರ ಹೆಣ್ಣುಮಗಳ ಪರವಾಗಿ ಐದ್ಹತ್ತು ನಿಮಿಷ ಮಾತಾಡಲಿ. ಹುಡುಗರ ವಾದವನ್ನು ಗೋವಾದವರೇ ಕೇಳಿದರೆ ‘ಹೌದು, ಇದನ್ನೇ ನಾವು ಹೇಳೋದು’ ಅನ್ನಬೇಕು, ಅಷ್ಟು ಪ್ರಾಮಾಣಿಕವಾಗಿರಬೇಕು. ಆದರೆ ಕಾಕಾನಿಗೆ ಈ ಕೆಲಸ ಕೊಡಬೇಡಿ. ಲಾಠಿ ತಿಂದವರನ್ನು, ಒಡನಾಡಿಯನ್ನು ಕಳೆದುಕೊಂಡವರನ್ನು ಎದುರಿನವರ ಪಾತ್ರ ಮಾಡಿ ಎಂದು ಕೇಳುವುದು ಕ್ರೌರ್ಯ. ಅವರು ಕೇಳುತ್ತಾ ಕುಳಿತರೆ ಅದೇ ದೊಡ್ಡದು.

ಕೊನೆಗೆ ಎಲ್ಲರೂ ಒಂದು ಮಾತಿಗೆ ಬರಬೇಕೆಂದು ಹಟ ಹಿಡಿಯಬೇಡಿ. ಠರಾವು ಪಾಸು ಮಾಡಲು ಇದು ಪಂಚಾಯಿತಿ ಸಭೆಯಲ್ಲ. ಬೇರೆ ಬೇರೆ ಜನ ಮಾತಾಡುತ್ತಾ ಒಮ್ಮತಕ್ಕೆ ಬಾರದಿದ್ದರೂ ಒಬ್ಬರಿಗೊಬ್ಬರು ರೂಢಿಯಾಗುತ್ತಾರೆ, ಎಷ್ಟೋ ಸಲ ಅಷ್ಟೇ ಸಾಕು ಎಂದು ಅಪಿಯಾ ಹೇಳುತ್ತಾರೆ. ನನಗೆ ಅದು ಒಪ್ಪಿಗೆ.

ಹೊಸ ನೋಟಿಸನ್ನು ಹೀಗೆ ಬರೆಯಬಹುದು: ‘ನೀರು ಕೇಳುವಾಗ ನಾವು ಕೊಡುವ ಕಾರಣಗಳೇನು? ಅದೇ ಕಾರಣವನ್ನು ಬೇರೆಯವರು ಕೊಟ್ಟರೆ ನಾವು ಏನನ್ನಬೇಕು? 1980ರ ಹೋರಾಟದ ಹಿರಿಯರ ಮಾತಿನೊಂದಿಗೆ ಆರಂಭ.’ ವಿಶ್ವಮಾನವತೆ ಅನ್ನುವ ಶಬ್ದ ನೋಟಿಸಿನಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಸಭೆಯ ವಿಡಿಯೋ ಮಾಡಬೇಡಿ, ಮಾಡಗೊಡಬೇಡಿ. ಒಬ್ಬರ ಅರ್ಧ ಮಾತು ಕತ್ತರಿಸಿ ಗುಂಪುಗಳಲ್ಲಿ ಓಡಾಡಿದರೆ ಆ ಮನುಷ್ಯ ಇನ್ನೆಂದೂ ಬಾಯಿ ಬಿಡುವುದಿಲ್ಲ. ಅದರಲ್ಲೂ ಗೋವಾದವರ ಪರವಾಗಿ ಮಾತಾಡುವ ಕೆಲಸ ಹೊತ್ತ ಹುಡುಗರನ್ನು ನೀವು ಕಾಯಬೇಕು. ಇದು ಅಭ್ಯಾಸಕ್ಕಾಗಿ, ನಾನೇ ಮಾತಾಡಲು ಹೇಳಿದ್ದು ಎಂದು ಶುರುವಿನಲ್ಲೇ ಎಲ್ಲರ ಮುಂದೆ ಹೇಳಿಬಿಡಿ. ಚುನಾವಣೆಗೆ ನಿಲ್ಲುವವರನ್ನು ಅತಿಥಿಯಾಗಿ ಕರೆಯಬೇಡಿ. ಕೇಳುಗರಾಗಿ ಬಂದರೆ ಕೂರಲಿ.

ದಿನ ಯಾವುದೆಂದರೆ, ಹೆಸರುಕಾಯಿ ಬಿಡಿಸುವ ಗದ್ದಲದಲ್ಲಿ ಇಟ್ಟರೆ ರೈತರಿಬ್ಬರೂ ಬರುವುದಿಲ್ಲ, ಹೆಂಗಸರಂತೂ ಬರಲಾರರು. ವಾಸ್ಕೋದಲ್ಲಿರುವ ಆ ಅಣ್ಣ ಗಣಪತಿ ಹಬ್ಬಕ್ಕೆ ಊರಿಗೆ ಬರುತ್ತಾನೇನೋ ಕೇಳಿ ನೋಡಿ. ಬರುವುದಾದರೆ ಅವನ ರಜೆ ನೋಡಿಕೊಂಡು ಭಾನುವಾರ ಗೊತ್ತುಮಾಡಿ. ಗೋವಾದಲ್ಲಿ ಅವನಿಗೆ ಆದ ಅವಮಾನವನ್ನಷ್ಟೇ ಕೇಳಬೇಡಿ, ಅಲ್ಲಿ ಅವನಿಗೆ ಒಳ್ಳೆಯದು ಮಾಡಿದ ಗೋವಾದವರು ಯಾರಾದರೂ ಇದ್ದರೆ ಅದನ್ನೂ ಕೇಳಿ. ಬೇಸಿಗೆಯಲ್ಲಿ ಅವನ ಓಣಿಗೆ ನಳದ ನೀರು ಎಷ್ಟು ಹೊತ್ತು ಬರುತ್ತದೆ ಎನ್ನುವುದನ್ನೂ ಕೇಳಿ. ಮಾಂಡೋವಿಯ ನಾಡಿನ ನೀರು ಕುಡಿದು ಬದುಕುತ್ತಿರುವ ತಿರ್ಲಾಪುರದ ಮಗ ಅವನು, ಕಾಕಾನ ಪಕ್ಕದಲ್ಲೇ ಅವನನ್ನು ಕೂರಿಸಿ.